ದೊಡ್ಡಪತ್ರೆಯ ಕಡ್ಡಿ

ಪಿಜ್ಜಾ ಜೊತೆ ಬರುವ ಒರೆಗಾನೊ ಪೊಟ್ಟಣ ಹರಿದಾಗಲೆಲ್ಲ ನನ್ನ ಮೂಗಿಗೆ ಬಡಿಯುವುದು ದೊಡ್ಡಪತ್ರೆಯ ವಾಸನೆ.

ಅಮ್ಮ ತೀರಿಕೊಂಡ ವರ್ಷದ ಬೇಸಿಗೆ ರಜೆ. ಅಪ್ಪ ಶಿರಾದ ಕಡಲೆಕಾಯಿ ಮಂಡಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ಒಂದು ಮಧ್ಯಾಹ್ನ ಪಕ್ಕದ ಮನೆಯ ಖಾಲಾ ಅವರ ಹಿತ್ತಲಿಗೆ ಹೋಗಿ ಕೆಮ್ಮುತ್ತ ನಿಂತೆ. ಬಚ್ಚಲ ನೀರು ಹರಿಯುವ ಕಡೆ ಅವರ ದೊಡ್ಡಪತ್ರೆ ಸೊಂಪಾಗಿ ಹಬ್ಬಿತ್ತು. ಹಿಂದಿನ ವಾರ ನಿಜವಾಗಿ ಕೆಮ್ಮು ಬಂದಾಗ ಅದರ ಎಲೆ ಬಾಡಿಸಿ ರಸ ಕುಡಿಸಿದ್ದರು.

ಖಾಲಾ ನನ್ನ ಎದೆಗೆ ಕಿವಿಯಿಟ್ಟರು. ಬಹಳ ಹೊತ್ತು ಆಲಿಸಿದರು. "ಕಫ ಏನೂ ಇಲ್ವಲ್ಲ ಬೇಟಿ," ಎಂದರು.

ನಾನು ಮತ್ತೊಮ್ಮೆ ಕೆಮ್ಮಿದೆ.

ಅವರು ದಪ್ಪನೆಯ, ನವಿರು ರೋಮದ ಎಲೆಗಳನ್ನು ಕಿತ್ತು ಹೆಂಚಿನ ಮೇಲೆ ಬಾಡಿಸಿದರು. ಹಿಂಡಿದ ರಸಕ್ಕೆ ಜೇನು ಬೆರೆಸಿ ತಮ್ಮ ಬೆರಳಲ್ಲೇ ನೆಕ್ಕಿಸಿದರು. ಒಂದು ಬಿಸಿ ಎಲೆಯನ್ನು ನನ್ನ ಎದೆಗೆ ಒತ್ತಿ, ಅದು ಆರುವ ತನಕ ಕೈ ತೆಗೆಯಲಿಲ್ಲ.

ಹೊರಡುವಾಗ ಒಂದು ಕಡ್ಡಿ ಮುರಿದು ಚಾಚಿದರು. ಕೇರಿಯ ಮನೆಮನೆಗೂ ಆ ಗಿಡ ಹೋದದ್ದು ಹಾಗೆಯೇ; ಕಲ್ಲುಸಂದಿಯಲ್ಲಿ ಚುಚ್ಚಿದರೂ ಚಿಗುರುವ ಜಾತಿ. "ನಿಮ್ಮನೆ ಹಿತ್ಲಲ್ಲೇ ಊರ್ಕೋ. ಬೇಕಾದಾಗ ಕಿತ್ಕೋಬೋದು."

ನಾನು ಕೈ ಹಿಂದೆ ಕಟ್ಟಿಕೊಂಡೆ. "ನಮ್ಮನೇಲಿ ಅದು ಬದುಕಲ್ಲ ಖಾಲಾ."

ಅವರು ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ, ಆ ಕಡ್ಡಿಯನ್ನು ತಮ್ಮ ಗಿಡದ ಪಕ್ಕದಲ್ಲೇ ಊರಿ ಮಣ್ಣು ಒತ್ತಿದರು.

"ಅಂಗಾದ್ರೆ ಇಲ್ಲೇ ಇರ್ಲಿ ಬುಡು. ನಾಳೆನೂ ಕೆಮ್ಮು ಬಂದ್ರೆ ಬಾ."