ಮುದುಕನ ನಾಲ್ಕನೇ ಅರ್ಜಿ

ರಮೋನಾ ಮೂರನೇ ಅರ್ಜಿಯನ್ನೂ ಡ್ರಾಯರಿಗೆ ಎಸೆದು, ಖಾಲಿಯದೊಂದನ್ನು ಮುದುಕನ ಮುಂದೆ ತಳ್ಳಿದಳು.

"ಇದು ಆಗಲ್ಲ ಸ್ಟೂಕಿಯವರೇ. ಮೊದಲಿಂದ ತುಂಬಿ."

"ಅದಕ್ಕೇನಾಗಿದೆ ತಾಯಿ?"

"ಅಕ್ಷರ ಕಾಣಲ್ಲ."

ಪಕ್ಕದ ಮೇಜಿನಲ್ಲಿದ್ದ ಟ್ರೂಡಿ ಕತ್ತೆತ್ತಿ ನೋಡಿದಳು. ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಈ ಪುಟ್ಟ ಊರಿನ ವಸತಿ ಕಚೇರಿಗೆ ಅವಳು ಸೇರಿ ಮೂರೇ ವಾರ. ಬಡವರಿಗೆಂದು ಸರ್ಕಾರ ಕಡಿಮೆ ಬಾಡಿಗೆಗೆ ಕೊಡುವ ಮನೆಗಳಲ್ಲಿ ಖಾಲಿ ಇದ್ದದ್ದು ಒಂದೇ. ಸರದಿಯಲ್ಲಿ ಮೊದಲಿಗ ಈ ವೆಂಡೆಲ್ ಸ್ಟೂಕಿ. ಎಪ್ಪತ್ತೆಂಟು ವರ್ಷ, ಮೊಣಕೈ ಹರಿದ ಕೋಟು. ಅವನ ಹಿಂದೆ ಡಾನೆಟ್, ಇಬ್ಬರು ಮಕ್ಕಳೊಂದಿಗೆ ಕಾರಿನಲ್ಲೇ ಮಲಗುವವಳು.

ಸಿಟ್ಟಿನ ಕಾರಣವನ್ನು ರಮೋನಾಳೇ ಹೇಳಿದ್ದಳು. ಮೂವತ್ತು ವರ್ಷದ ಹಿಂದೆ ಪಕ್ಕದ ಜಿಲ್ಲೆಯಲ್ಲಿ ಅವಳೂ ತಾಯಿಯೂ ಈ ಸ್ಟೂಕಿಯ ಮನೆಯಲ್ಲಿ ಬಾಡಿಗೆಗಿದ್ದರು. ಛಾವಣಿ ಸೋರುತ್ತದೆಂದು ತಾಯಿ ದೂರು ಕೊಟ್ಟದ್ದಕ್ಕೆ, ಜನವರಿಯ ಹಿಮದಲ್ಲಿ ಸಾಮಾನನ್ನೆಲ್ಲ ಬೀದಿಗೆ ಹಾಕಿಸಿದ್ದ. ಆ ಚಳಿಗಾಲವನ್ನು ತಾಯಿ ದಾಟಲಿಲ್ಲ. ಅನ್ಯಾಯವೇ, ಇಲ್ಲವೆನ್ನುವವರು ಯಾರು? ಹಾಗಂತ ಸೂರಿಲ್ಲದ ಮುದುಕನನ್ನು ಹೀಗೆ ಆಟವಾಡಿಸುವುದೇ? ಟ್ರೂಡಿಗೆ ಅಸಹ್ಯವಾಯಿತು.

"ಕೊನೇಲಿ ಸಣ್ಣಕ್ಷರ ಇದೆಯಲ್ಲ, ಜೋರಾಗಿ ಓದಿ."

"ಮೂರು ಸಲ ಓದಿಸಿದ್ದೀಯಲ್ಲಮ್ಮ."

"ಇನ್ನೊಂದ್ಸಲ ಓದಿ."

ತಾನು ಬರೆದದ್ದೆಲ್ಲ ನಿಜವೆಂದು ಮುದುಕ ತಡವರಿಸುತ್ತ ಓದಿದ.

"ಸ್ವಂತ ಮನೆ ಇದೆಯಾ?"

"ಇದ್ದಿದ್ರೆ ನಿನ್ನ ಮುಂದೆ ಹಲ್ಲು ಗಿಂಜ್ತಿದ್ನಾ?"

"ಇದೆಯಾ, ಇಲ್ವಾ?"

"ಇಲ್ಲ."

"ನಮ್ಮಮ್ಮನ್ನ ಆಚೆಗೆ ಹಾಕಿದ್ರಲ್ಲ, ಆ ಮನೆ?"

"ಯಾವತ್ತೋ ಮಾರ್ಬಿಟ್ಟೆ. ಹಳೇದನ್ನ ಯಾಕೆ ಕೆದಕ್ತೀಯ?"

"ಹಾಗಂತ ಬರೀರಿ. ಸಹಿ ಮಾಡಿ."

ಮುದುಕ ಬರೆದು ಸಹಿ ಹಾಕಿದ. ಟ್ರೂಡಿ ತಡೆಯಲಾರದೆ ಎದ್ದು ಬಂದಳು.

"ಸಾಕು ಮಾಡು ರಮೋನಾ! ಇವರನ್ನ ಗೋಳು ಹೊಯ್ಕೊಂಡ್ರೆ ನಿಮ್ಮಮ್ಮ ಎದ್ದು ಬರ್ತಾರಾ?"

ರಮೋನಾ ಸಹಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಈ ಮೂರು ವಾರದಲ್ಲಿ ಮೊದಲ ಸಲ, ನಕ್ಕಳು.

"ಆಯ್ತು, ಸಾಕು. ಸ್ಟೂಕಿಯವರೇ, ನಾಳೆ ಬೆಳಿಗ್ಗೆ ಹತ್ತಕ್ಕೆ ತಪ್ಪದೆ ಬನ್ನಿ."

ಮುದುಕ ಎರಡೂ ಕೈಯಿಂದ ಅವಳ ಕೈ ಕುಲುಕಿ, ಕಣ್ಣೊರೆಸಿಕೊಳ್ಳುತ್ತ ಹೋದ. ಟ್ರೂಡಿಯ ಕಣ್ಣೂ ಒದ್ದೆಯಾಗಿತ್ತು.

"ದೊಡ್ಡ ಮನಸ್ಸು ಮಾಡಿದೆ ಕಣೇ."

"ಡಾನೆಟ್‌ಗೆ ಫೋನ್ ಮಾಡು. ಈಗ್ಲೇ ಬಂದು ಕೀಲಿ ತಗೊಂಡು ಹೋಗ್ಲಿ."

"ಡಾನೆಟ್‌ಗಾ? ಹಾಗಾದ್ರೆ ಆ ಮುದುಕ?"

"ನಾಳೆ ಹತ್ತಕ್ಕೆ ಅವನನ್ನ ನೋಡೋಕೆ ಸರ್ಕಾರದ ತನಿಖಾಧಿಕಾರಿ ಬರ್ತಾರೆ. ಒಂದೇ ಸಲ ಬರೆದಿದ್ರೆ ವಯಸ್ಸಾಯ್ತು, ಮರೆತೆ ಅಂತಿದ್ದ. ಅದಕ್ಕೇ ನಾಲ್ಕು ಸಲ ಬರೆಸ್ದೆ."

ರಮೋನಾ ನಾಲ್ಕು ಅರ್ಜಿಗಳನ್ನೂ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಇನ್ನೊಂದು ಕಾಗದ ಇಟ್ಟಳು.

ಪಕ್ಕದ ಜಿಲ್ಲೆಯ ಈ ವರ್ಷದ ಆಸ್ತಿ ತೆರಿಗೆ ಪಟ್ಟಿಯಲ್ಲಿ ವೆಂಡೆಲ್ ಸ್ಟೂಕಿಯ ಹೆಸರಿಗೆ ಹನ್ನೊಂದು ಮನೆಗಳಿದ್ದವು, ಅವುಗಳಲ್ಲಿ ಮೊದಲನೆಯದು ರಮೋನಾಳ ತಾಯಿಯನ್ನು ಹಿಮಕ್ಕೆ ನೂಕಿದ ಮನೆ.