ಮನುಷ್ಯನ ಪುಟದಲ್ಲಿ ರೆಕ್ಕೆ

ಮಗ್ಗುಲಲ್ಲಿ ನಿಂತು ಪರದೆಯನ್ನು ಓದುತ್ತಿದ್ದ ಮೇಲ್ವಿಚಾರಕಿ ಇದ್ದಕ್ಕಿದ್ದಂತೆ ಬಿದ್ದು ಬಿದ್ದು ನಗತೊಡಗಿದಾಗ, ತರಬೇತಿಯಲ್ಲಿದ್ದ ಹುಡುಗಿಯ ಜೀವ ಬಾಯಿಗೆ ಬಂದಂತಾಯಿತು. ಒಂದೊಂದು ಜೀನ್ ಏನು ಮಾಡುತ್ತದೆಂದು ನಾಲ್ಕು ಸಾಲಿನಲ್ಲಿ ಬರೆದು ಜಾಲತಾಣಕ್ಕೇರಿಸುವ ಆ ಕಚೇರಿಯಲ್ಲಿ, ಈ ಟಿಪ್ಪಣಿ ಒಪ್ಪಿಗೆಯಾದರೆ ಮಾತ್ರ ಅವಳ ಕೆಲಸ ಕಾಯಂ.

“ಹಾಗಾದ್ರೆ ನಾನಿವತ್ತು ಬಸ್ಸಿಗೆ ಕಾಯೋದೇ ಬೇಡ ಬಿಡು ತಾಯಿ, ಹಾರ್ಕೊಂಡೇ ಮನೆ ಸೇರ್ತೀನಿ!” ಎಂದು ಅವರು ಬೆರಳಿಟ್ಟು ತೋರಿಸಿದರು. ‘ರೆಕ್ಕೆಗಳ ಬೆಳವಣಿಗೆಗೆ ಈ ಜೀನ್ ಅಗತ್ಯ.’ ನೊಣದಲ್ಲೂ ಮನುಷ್ಯನಲ್ಲೂ ಇರುವ ಜೀನ್ ಅದು; ಪ್ರಯೋಗ ನಡೆದದ್ದು ನೊಣದ ಮೇಲೆ. ಅವಳು ಅದನ್ನು ಬರೆದದ್ದು ಮನುಷ್ಯನ ಪುಟದಲ್ಲಿ.

ಅವಳು ನಾಲಿಗೆ ಕಚ್ಚಿಕೊಂಡು ಸಾಲನ್ನು ಅಳಿಸಿದಳು. ಆದರೆ ಬೆರಳು ಮುಂದೆ ಓಡಲಿಲ್ಲ. “ನಮ್ಮಲ್ಲಿ ಇದೇನ್ಮಾಡುತ್ತೆ ಅಂತ ಯಾರೂ ನೋಡೇ ಇಲ್ಲ ಮೇಡಂ. ಗೊತ್ತಿಲ್ಲ ಅಂತ ಬರೆದ್ರೆ ನನ್ನ ಕೆಲಸಕ್ಕೇ ಕುತ್ತು ಬರಲ್ವಾ?”

“ಬರೆದು ನೋಡೇ, ಗೊತ್ತಾಗುತ್ತೆ.”

ಅವಳು ಬರೆದಳು: ‘ನೊಣದಲ್ಲಿ ರೆಕ್ಕೆ ಬೆಳೆಯಲು ಈ ಜೀನ್ ಬೇಕು. ಮನುಷ್ಯರಲ್ಲಿ ಇದರ ಕೆಲಸವೇನೆಂದು ಇನ್ನೂ ತಿಳಿದಿಲ್ಲ.’ ಮೇಲ್ವಿಚಾರಕಿ ಮತ್ತೆ ಮತ್ತೆ ಓದಿದರು. ಆಮೇಲೆ ಅವಳ ಕೈಯಿಂದ ಮೌಸ್ ಕಸಿದುಕೊಂಡು, ‘ತಿದ್ದಿದವರು’ ಎಂಬಲ್ಲಿದ್ದ ತಮ್ಮ ಹೆಸರನ್ನು ಅಳಿಸಿಹಾಕಿದರು.

“ಇನ್ಮೇಲೆ ನಿನ್ನ ಪುಟಕ್ಕೆ ನೀನೇ ಯಜಮಾನಿ. ಪ್ರಕಟಿಸೋ ಗುಂಡಿ ಒತ್ತೇ!”