ಮಿಲ್ಲಿನ ಬೂದಿ

ಅನಿಲಕುಮಾರ ಕೈಯಲ್ಲಿದ್ದ ತತ್ತಿಗಳನ್ನು ಒಂದೊಂದಾಗಿ ಬುಟ್ಟಿಗೆ ವಾಪಸ್ ಇಟ್ಟ. "ಇವತ್ತ ಬ್ಯಾಡ ಬಿಡ್ರಿ ಚಾಚಿ," ಎಂದ.

ಅನ್ವರಿ ಬೇಗಂಗೆ ಇದು ಸರಿಬರಲಿಲ್ಲ. ಅವಳ ಜವಾರಿ ತತ್ತಿಯನ್ನು ಬೇಡ ಎಂದವರು ಪೋತ್ನಾಳದಲ್ಲಿ ಇನ್ನೂ ಹುಟ್ಟಿರಲಿಲ್ಲ. ಊರ ಹೊರಗೆ ಕಸ ಸುಡುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಈ ಅನಿಲಕುಮಾರನೇ ಬಸುರಿ ಹೆಂಡತಿ ಸ್ವಪ್ನಾಗೆಂದು ವಾರವಾರ ಬಂದು, ಬಾಗಿಲಲ್ಲೇ ನಿಂತು ಒಯ್ಯುತ್ತಿದ್ದ. ಇವತ್ತು ಅನ್ವರಿ ಬೇಗಂ ತಾನೇ, "ಒಳಗ ಬರ್ರಿ ಸಾಹೇಬ್ರ, ನನ್ನ ಮೊಮ್ಮಗನ್ನ ನೋಡ್ರಿ," ಎಂದು ಹಿತ್ತಲತನಕ ಕರೆದುಕೊಂಡು ಬಂದಿದ್ದಳು. ಮೊಮ್ಮಗನನ್ನು ನೋಡಿ ನಕ್ಕ ಮನುಷ್ಯ ಹಿತ್ತಲು ನೋಡಿದ ಕೂಡಲೇ ಮುಖ ಸಣ್ಣದು ಮಾಡಿದ. ಅಲ್ಲೊಂದು ಬೂದಿಯ ಗುಡ್ಡೆ ಇತ್ತು. ಕೋಳಿಗಳು ಅದರಲ್ಲಿ ರೆಕ್ಕೆ ಬಿಚ್ಚಿ ಖುಷಿಯಾಗಿ ಹೊರಳುತ್ತಿದ್ದವು.

"ಇದು ಎಲ್ಲೀ ಬೂದಿ ಚಾಚಿ?"

"ಎಲ್ಲೀದಂದ್ರ? ನಿಮ್ಮ ಮಿಲ್ಲಿಂದ."

ಮಿಲ್ಲು ಎನ್ನುವುದು ಬಾಯಿಗೆ ಅಂಟಿದ ರೂಢಿ. ಮೊದಲು ಆ ಜಾಗದಲ್ಲಿ ರೈಸ್ ಮಿಲ್ ಇತ್ತು. ಭತ್ತದ ಹೊಟ್ಟು ಸುಟ್ಟ ಬೂದಿಯನ್ನು ಊರ ಹೆಂಗಸರು ಚೀಲ ತುಂಬಿ ತರುತ್ತಿದ್ದರು. ಪಾತ್ರೆ ತಿಕ್ಕಲಿಕ್ಕೆ ಅದೇ, ಅವರೆ ಬಳ್ಳಿಗೆ ಹುಳ ಹತ್ತಿದರೆ ಅದೇ, ಕೋಳಿಗೆ ಹೇನಾದರೂ ಅದೇ. ಮಿಲ್ಲು ಮುಚ್ಚಿತು, ಭಟ್ಟಿ ಬದಲಾಯಿತು, ರಾಯಚೂರಿನ ಆಸ್ಪತ್ರೆಗಳ ಕಸ, ಪ್ಲಾಸ್ಟಿಕ್ಕು ಲಾರಿ ತುಂಬಿ ಬರತೊಡಗಿತು. ಚೀಲ ಹಿಡಿದುಕೊಂಡು ಹೋಗುವ ಹೆಂಗಸರು ಮಾತ್ರ ಬದಲಾಗಲಿಲ್ಲ. ಬೂದಿಯನ್ನು ದೂರ ಒಯ್ದು ಹೂಳಬೇಕಾಗಿದ್ದ ಮಾಲೀಕನಿಗೆ ಅದು ಹಬ್ಬವೇ ಆಯಿತು. ಒಯ್ದರೆ ಒಯ್ಯಲಿ ಬಿಡು ಎಂದ. ಅನಿಲಕುಮಾರನೂ ಬಿಟ್ಟ.

ಹೊಸ್ತಿಲಲ್ಲಿ ಆತಿಯಾ ಕೂತಿದ್ದಳು. ಹೆರಿಗೆಗೆ ತವರಿಗೆ ಬಂದ ಮಗಳು. ತೊಡೆಯ ಮೇಲೆ ಕೂಸು, ಕೈಯಲ್ಲಿ ಆಗಷ್ಟೇ ಸಿಪ್ಪೆ ಸುಲಿದ ಬಿಸಿ ತತ್ತಿ.

"ಅದನ್ನ ತಿನ್ನಬ್ಯಾಡವಾ ತಂಗಿ," ಎಂದ ಅನಿಲಕುಮಾರ.

ಅನ್ವರಿ ಬೇಗಂ ಸೊಂಟದ ಮೇಲೆ ಕೈ ಇಟ್ಟಳು. "ಯಾಕ ತಿನ್ನಬಾರದು? ಬಾಣಂತಿಗೆ ಜವಾರಿ ತತ್ತಿಕಿಂತ ಬೇರೆ ಏನ ಬೇಕು? ಬೂದಿ ನೋಡಿ ಅಂತೀರೇನು? ಬೆಂಕ್ಯಾಗ ಸುಟ್ಟು ಬಂದದ್ರಾಗ ಹೊಲಸು ಎಲ್ಲಿ ಉಳೀತದ್ರಿ?"

"ಇದು ಹೊಟ್ಟಿನ ಬೂದಿ ಅಲ್ರಿ. ಪ್ಲಾಸ್ಟಿಕ್ ಸರಿಯಾಗಿ ಸುಡಲಿಲ್ಲಂದ್ರ ಡಯಾಕ್ಸಿನ್ ಅಂತ ವಿಷ ಹುಟ್ತದ. ಬೂದ್ಯಾಗೂ ಇರ್ತದ, ಹೊಗ್ಯಾಗೂ ಇರ್ತದ. ಕೋಳಿ ಬೂದಿ ಕೆದರಿ ತಿಂತಾವು, ಅದು ತತ್ತಿಯಾಗ ಇಳೀತದ. ಆಮ್ಯಾಲ ನಮ್ಮ ಮೈಯಾಗ ಸೇರಿ ವರ್ಷಾನುಗಟ್ಟಲೆ ಕೂಡ್ತದ. ಕ್ಯಾನ್ಸರಿಗೂ ದಾರಿ ಅದು. ಹೊಟ್ಟ್ಯಾಗಿನ ಕೂಸನ್ನೂ ಬಿಡಂಗಿಲ್ಲ. ವಾಸನಿ ಇಲ್ಲ, ರುಚಿ ಇಲ್ಲ, ಗೊತ್ತ ಆಗಂಗಿಲ್ಲ."

ಆತಿಯಾ ತತ್ತಿಯನ್ನು ತಟ್ಟೆಯಲ್ಲಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ಕೂಸನ್ನು ಆ ಕೈಯಿಂದ ಮುಟ್ಟಲೋ ಬೇಡವೋ ಎಂದು ಹಾಗೇ ಕೂತಳು.

"ನಿಮಗ ಇದು ಮೊದಲ ಗೊತ್ತಿತ್ತೇನ್ರಿ?" ಅನ್ವರಿ ಬೇಗಂ ಕೇಳಿದಳು.

"ಪಾತ್ರಿ ತಿಕ್ಕಾಕ ಒಯ್ತೀರಿ ಅಂದ್ಕೊಂಡಿದ್ದೆ."

"ಪಾತ್ರಿ ತಿಕ್ಕಿದ್ರ ನಡೀತದೇನು?"

ಅನಿಲಕುಮಾರ ತತ್ತಿಯ ಬುಟ್ಟಿಯ ಕಡೆ ತಿರುಗಿದ. ಅನ್ವರಿ ಬೇಗಂಗೆ ಮೈಯೆಲ್ಲ ಉರಿಯಿತು. ಊರಿಗೆ ಕೇಳುವಂತೆ ಬೈಯಬೇಕು ಎಂದು ಬಾಯಿ ತೆರೆದವಳು, ಅವನು ಬುಟ್ಟಿಯ ಕಡೆ ನೋಡುತ್ತಿರುವ ರೀತಿ ಕಂಡು ತಡೆದಳು.

"ನಿಮ್ಮ ಮನಿಯಾಕಿ ಎಷ್ಟ ತಿಂದಾಳ?"

"ದಿನಾ ತಿಂತಾಳ್ರಿ. ನಾನ ಕುದಿಸಿ ಕೊಡ್ತೀನಿ."

ಅನ್ವರಿ ಬೇಗಂ ಕೋಳಿಗಳನ್ನು ಬೂದಿಯಿಂದ ಅಟ್ಟಿದಳು. ಆಮೇಲೆ, "ನನ್ನ ಮಗಳು ಕೂಸಿಗೆ ಹಾಲು ಕುಡಿಸ್ಬೇಕೋ, ಬಿಡ್ಬೇಕೋ? ಅದಷ್ಟು ಹೇಳ್ರಿ," ಎಂದಳು.

"ಹಾಲು ನಿಲ್ಲಸಬ್ಯಾಡ್ರಿ. ಫ್ಯಾಕ್ಟರಿ ಟ್ರೇನಿಂಗಿನ್ಯಾಗ ಡಾಕ್ಟರು ಅದನ್ನ ಒತ್ತಿ ಹೇಳ್ಯಾರ. ಈ ತತ್ತಿ ಬಿಡಸ್ರಿ, ಬೂದಿ ಬಿಡಸ್ರಿ. ನಾಳೆ ನಿಮ್ಮ ಮಗಳು, ನನ್ನ ಹೆಂಡ್ತಿ ಇಬ್ಬರನ್ನೂ ರಾಯಚೂರಿಗೆ ಕರ್ಕೊಂಡು ಹೋಗಿ ತೋರಿಸೋಣು."

"ನಾಳೆ ಬ್ಯಾಡ, ನಾಡಿದ್ದು ಹೋಗೋಣು. ನಾಳೆ ನನಗ ಕೆಲಸ ಅದ."

ಮರುದಿನ ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಮುಂದೆ ಟಂಟಂ ಆಟೋಗಳು ಸಾಲಾಗಿ ಬಂದು ನಿಂತವು. ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರು ಬಾಯಿ ಹೊಲಿದ ಬೂದಿಯ ಚೀಲಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಕಸದ ಲಾರಿ ಒಳಗೆ ಹೋಗಲಿಕ್ಕೆ ದಾರಿ ಉಳಿಯಲಿಲ್ಲ. ಹಿತ್ತಲೆಲ್ಲ ಬಳಿದು ತಂದಿದ್ದ ಪಕ್ಕದ ಮನೆಯ ಬಸವಂತಮ್ಮ, "ಇನ್ನೂ ಎರಡು ಖೇಪು ಅದಾವು, ಜಾಗ ಬಿಡ್ರಿ," ಎಂದು ಡ್ರೈವರನನ್ನೇ ಗದರಿಸಿದಳು.

ಅನಿಲಕುಮಾರ ಹೊರಗೆ ಬಂದ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಮಾಲೀಕನದು. ಅವನು ಎತ್ತಲಿಲ್ಲ. ಗೇಟು ಪೂರಾ ತೆಗೆಸಿ, ಮೊದಲನೆಯ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡ.

"ಬೂದಿ ಎಲ್ಲಾ ಮುಟ್ಟಿತಲ್ರಿ ಸಾಹೇಬ್ರ?" ಅನ್ವರಿ ಬೇಗಂ ಕೇಳಿದಳು.

"ಮುಟ್ಟಿತು ಚಾಚಿ."

ಅವಳು ಸೆರಗು ಸರಿಸಿ, ಚಿಮಣಿಯ ಹೊಗೆಯ ಕಡೆ ಕೈ ತೋರಿಸಿದಳು. "ಹಂಗಾರ ಅದನ್ನ ಯಾವ ಚೀಲದಾಗ ತುಂಬಿ ತರೋಣು, ಅದನ್ನೂ ಹೇಳಿಬಿಡ್ರಿ."

ಅನಿಲಕುಮಾರ ಹೆಗಲ ಮೇಲಿನ ಚೀಲದ ಸಮೇತ ತಲೆ ಎತ್ತಿ ನೋಡಿದ. ಅವತ್ತಿನ ಗಾಳಿಗೆ ಹೊಗೆ ಬಸ್ ಸ್ಟ್ಯಾಂಡಿನ ಕಡೆ ಬಾಗಿತ್ತು. ಅಲ್ಲಿ, ಅವರ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ಸ್ವಪ್ನಾ ಬಟ್ಟೆ ಒಣಹಾಕುವ ಹೊತ್ತು ಅದು.